ತವರಿನ ಮರ: ಶಿಂಷಾ ದಂಡೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಯ ಆವಾಸರಕ್ಷಣೆಯ ಚರಿತ್ರೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಕೊಕ್ಕರೆ ಬೆಳ್ಳೂರನ್ನು ಕುರಿತು ಈವರೆಗೆ ಬಂದಿರುವ ಬರಹಗಳಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ಪಕ್ಷಿಶಾಸ್ತ್ರಜ್ಞರು ಮತ್ತು ಅರಣ್ಯಾಧಿಕಾರಿಗಳು ಬರೆದವು ಮೊದಲನೆಯವು. ಗೂಡುಗಳ ಎಣಿಕೆ, ಮರಿಗಳ ಉಳಿವು, ಆಹಾರದ ನೆಲೆ ಇವು ಅಲ್ಲಿನ ಕಾಳಜಿ. ಪತ್ರಿಕೆಗಳಲ್ಲಿಯೂ ಪ್ರವಾಸಿ ಕೈಪಿಡಿಗಳಲ್ಲಿಯೂ ಕಾಣಸಿಗುವ ಭಾವಪೂರ್ಣ ವರ್ಣನೆಗಳು ಎರಡನೆಯವು. ಊರಿಗೆ ಬರುವ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಬೆಳ್ಳೂರಿನವರು ಭಾವಿಸುತ್ತಾರೆ ಎಂಬ ಮಾತು ಈ ಎರಡನೆಯ ಬಗೆಯ ಬರಹಗಳಲ್ಲಿ ತಪ್ಪದೆ ಬರುತ್ತದೆ. ಮಾತು ನಿಜವೇ ಆಗಿದೆ. ಆದರೆ ಅದನ್ನು ಒಂದು ಸುಂದರ ಉಪಮೆಯಾಗಿ ಎತ್ತಿಕೊಂಡು ಮುಂದೆ ಸಾಗಿಬಿಡುವುದರಿಂದ, ಆ ಮಾತಿನ ಹಿಂದಿರುವ ಲೆಕ್ಕಾಚಾರ, ಹೊಣೆ ಮತ್ತು ಜಗಳ ಮರೆಯಾಗುತ್ತವೆ. ಹಕ್ಕಿ ಕೂರುವುದು ಮರದ ಮೇಲೆ. ಮರಕ್ಕೆ ಒಬ್ಬ ಒಡೆಯನಿದ್ದಾನೆ. ಹಕ್ಕಿ ಉಣ್ಣುವುದು ಹೊಳೆ ಕೆರೆಗಳಲ್ಲಿ. ಅವುಗಳಿಗೆ ಬೇರೆ ಒಡೆಯರಿದ್ದಾರೆ. ತವರು ಎಂಬ ಪರಿಕಲ್ಪನೆಯನ್ನು ಭಾವನೆಯೆಂದಲ್ಲದೆ ಖರ್ಚಿನ ಬಾಬ್ತೆಂದು ಓದಿದಾಗ ಮಾತ್ರ ಈ ಊರಿನ ಕಳೆದ ನೂರು ವರ್ಷಗಳ ಚರಿತ್ರೆ ಅರ್ಥವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ಕುಣಿಗಲ್ ಸೀಮೆಯಲ್ಲಿ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಮೂಲಕ ಹರಿದು ಶಿವನಸಮುದ್ರದ ಸಮೀಪ ಕಾವೇರಿಯನ್ನು ಸೇರುತ್ತದೆ. ಸ್ಥಳಪುರಾಣಗಳು ಇದನ್ನು ಕದಂಬ ನದಿಯೆಂದು ಕರೆಯುತ್ತವೆ. ಮಳೆಗಾಲ ಕಳೆದ ಮೇಲೆ ಮಡುಗಳಾಗಿ, ಮರಳ ಹಾಸಾಗಿ ಒಡೆದುಕೊಳ್ಳುವ ಇಂಥ ಹೊಳೆಯ ಇಕ್ಕೆಲಗಳಲ್ಲಿ ಹೊಂಗೆ, ಅತ್ತಿ, ನೇರಳೆ, ಹೊಳೆಮತ್ತಿಗಳೂ ಊರಿಗೆ ಸಮೀಪವಾದಂತೆ ಹುಣಸೆ, ಅರಳಿ, ಬಸರಿ, ಗೋಣಿ, ಬೇವುಗಳೂ ಬೆಳೆಯುತ್ತವೆ. ಬೆಂಗಳೂರು–ಮೈಸೂರು ಹೆದ್ದಾರಿಯಿಂದ ರುದ್ರಾಕ್ಷಿಪುರದ ಬಳಿ ತಿರುಗಿ ಹನ್ನೆರಡು ಕಿ.ಮೀ.ಗಳಷ್ಟು ಒಳಗೆ ಹೋದರೆ ಸಿಗುವ ಬೆಳ್ಳೂರು ಈ ಹೊಳೆಗೆ ಹತ್ತಿರದ ಊರು. ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೊಂದು ಪ್ರಸಿದ್ಧ ಬೆಳ್ಳೂರು ಇರುವುದರಿಂದ ‘ಕೊಕ್ಕರೆ’ ಎಂಬ ವಿಶೇಷಣ ಇದಕ್ಕೆ ಗುರುತಾಗಿ ಅಂಟಿದೆ. ಹಿಕ್ಕೆ ಬಿದ್ದು ಮರಗಳೆಲ್ಲ ಬೆಳ್ಳಗೆ ಕಾಣುವುದರಿಂದ ಬೆಳ್ಳೂರೆಂದಾಯಿತೆಂಬ ಜನಪ್ರಿಯ ನಿಷ್ಪತ್ತಿ ರಮ್ಯವಾಗಿದ್ದರೂ ಒಪ್ಪುವುದು ಕಷ್ಟ. ಒಂದು ಕೊಕ್ಕರೆಯೂ ಗೂಡು ಕಟ್ಟದ ಬೆಳ್ಳೂರುಗಳು ನಾಡಿನಲ್ಲಿ ಹಲವಿವೆ.

ಇಲ್ಲಿ ಗೂಡು ಕಟ್ಟುವ ಮುಖ್ಯ ಹಕ್ಕಿಗಳು ಎರಡು. ಒಂದು ಬಣ್ಣದ ಕೊಕ್ಕರೆ, ಇನ್ನೊಂದು ಹೆಜ್ಜಾರ್ಲೆ. ಮಳೆಗಾಲ ಮುಗಿಯುತ್ತ ಬರುವ ಹೊತ್ತಿಗೆ ಆಗಮನ ಮೊದಲಾಗಿ, ಚಳಿಗಾಲದಲ್ಲಿ ಮೊಟ್ಟೆ ಮರಿಗಳಾಗಿ, ಮುಂದಿನ ಮಳೆಗೆ ಮುನ್ನ ಊರು ಬರಿದಾಗುತ್ತದೆ. ಹೆಜ್ಜಾರ್ಲೆ ಸಾಮಾನ್ಯ ಹಕ್ಕಿಯಲ್ಲ. ನಾಲ್ಕೈದು ಕಿಲೋ ತೂಗುವ, ರೆಕ್ಕೆ ಬಿಚ್ಚಿದರೆ ಎಂಟು ಅಡಿಯವರೆಗೆ ಹರಡುವ ಈ ಜಲಪಕ್ಷಿ ಮೂರು ನಾಲ್ಕು ಮೊಟ್ಟೆಗಳನ್ನಿಟ್ಟು ಒಂದು ತಿಂಗಳು ಕಾವು ಕೂರುತ್ತದೆ. ಮರಿಗಳು ಹಾರಲು ಮತ್ತೂ ಕೆಲವು ತಿಂಗಳು ಬೇಕು. ಅಷ್ಟು ಭಾರದ ಹಕ್ಕಿ ಗುಂಪುಗುಂಪಾಗಿ ನೆಲೆಸಬೇಕಾದರೆ ಗಟ್ಟಿ ಕೊಂಬೆಗಳ, ಹರಡಿದ ನೆತ್ತಿಯ, ಹಲವು ದಶಕ ಬಾಳಿದ ಮರಗಳೇ ಬೇಕು. ಸುತ್ತಲಿನ ನೀರಿನಲ್ಲಿ ದಿನವೂ ಮೀನು ಸಿಗಬೇಕು. ಈ ಎರಡೂ ಒಂದೆಡೆ ಕೂಡಿಬರುವ ಜಾಗಗಳು ದಕ್ಷಿಣ ಭಾರತದಲ್ಲಿ ವಿರಳವಾಗುತ್ತ ಹೋದುದೇ ಈ ಹಕ್ಕಿ ಅಪಾಯಕ್ಕೀಡಾದುದಕ್ಕೆ ಪ್ರಧಾನ ಕಾರಣ.

ಊರಿನ ಪ್ರಾಚೀನತೆಗೆ ಆಧಾರವಾಗಿ ಟಿ.ಸಿ. ಜೆರ್ಡನ್ನನ ಉಲ್ಲೇಖವನ್ನು ಹಲವರು ಕೊಡುತ್ತಾರೆ. ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಈತ 1862ರಿಂದ 1864ರ ನಡುವೆ ಪ್ರಕಟಿಸಿದ ಭಾರತದ ಪಕ್ಷಿಗಳ ಗ್ರಂಥದಲ್ಲಿ, ಕರ್ನಾಟಿಕ್ ಪ್ರಾಂತದ ಹಳ್ಳಿಯೊಂದರ ನಡುವಣ ಮರಗಳಲ್ಲಿ ಹೆಜ್ಜಾರ್ಲೆಗಳು ಬಹುಕಾಲದಿಂದ ಗೂಡು ಕಟ್ಟುತ್ತಿದ್ದುದನ್ನು ಹೇಳಿದ್ದಾನೆ. ಆ ಹಳ್ಳಿ ಬೆಳ್ಳೂರೇ ಎಂದು ತೀರ್ಮಾನಿಸುವುದು ಆತುರವಾದೀತು. ಕಂಪನಿ ಕಾಲದ ಇಂಗ್ಲಿಷರ ಬಳಕೆಯಲ್ಲಿ ‘ಕರ್ನಾಟಿಕ್’ ಎಂದರೆ ಬಹುಮಟ್ಟಿಗೆ ಘಟ್ಟದ ಕೆಳಗಣ ಪೂರ್ವದ ಬಯಲುಸೀಮೆ. ಮೈಸೂರು ಸಂಸ್ಥಾನವನ್ನು ಅವರು ಮೈಸೂರೆಂದೇ ಬರೆಯುತ್ತಿದ್ದರು. ಜೆರ್ಡನ್ನನ ಮಾತಿನ ಬೆಲೆ ಬೇರೆಡೆ ಇದೆ. ಮನುಷ್ಯರ ವಸತಿಯ ನಡುವೆಯೇ ಗೂಡು ಕಟ್ಟುವುದು ಈ ಹಕ್ಕಿಯ ಹಳೆಯ ರೂಢಿಯೆಂಬುದಕ್ಕೂ ಹಾಗೆ ಕಟ್ಟಗೊಡುವುದು ದಕ್ಷಿಣದ ಹಳ್ಳಿಗಳ ಹಳೆಯ ರೂಢಿಯೆಂಬುದಕ್ಕೂ ಅದು ಸಾಕ್ಷಿ. ನಮ್ಮ ಗಡಿಗೆ ತಾಗಿದ ಹಿಂದೂಪುರ ಸೀಮೆಯ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಇಂದಿಗೂ ಊರೊಳಗಿನ ಮರಗಳಲ್ಲಿ ಗೂಡು ಕಟ್ಟುವುದನ್ನು ಇದರೊಂದಿಗೆ ಇಟ್ಟು ನೋಡಬಹುದು.

ಬೆಳ್ಳೂರಿನ ಚರಿತ್ರೆಗೆ ಇದಕ್ಕಿಂತ ಹೆಚ್ಚು ನೆರವಾಗುವುದು ಊರಿನದೇ ಮೌಖಿಕ ಪರಂಪರೆ. ಅದರಂತೆ ಹಿಂದಿನ ಊರು ಶಿಂಷಾ ಹೊಳೆಯ ದಂಡೆಯ ಮೇಲೆಯೇ ಇತ್ತು. ಹಕ್ಕಿಗಳೂ ಅಲ್ಲಿಯೇ ಗೂಡು ಕಟ್ಟುತ್ತಿದ್ದವು. 1916ರ ಸುಮಾರಿಗೆ ಪ್ಲೇಗು ಬಂದು ಜನ ಆ ಜಾಗವನ್ನು ಬಿಟ್ಟು ಈಗಿನ ಜಾಗಕ್ಕೆ ಬಂದರು. ಹಕ್ಕಿಗಳೂ ಅವರ ಹಿಂದೆಯೇ ಬಂದವು. ಹಳೆಯ ಮೈಸೂರಿನ ಹಳ್ಳಿಗಳ ಚರಿತ್ರೆಯನ್ನು ಬಲ್ಲವರಿಗೆ ಈ ಕಥನದ ಮೊದಲ ಭಾಗ ಅಪರಿಚಿತವಲ್ಲ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮುಂದಿನ ಎರಡು ಮೂರು ದಶಕಗಳ ಕಾಲ ಮತ್ತೆ ಮತ್ತೆ ಮರಳಿತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡುದು, ಹೊಸ ನಿವೇಶನದಲ್ಲಿ ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದುದು ಹಲವು ಊರುಗಳ ನೆನಪಿನಲ್ಲಿದೆ. ‘ಹಾಳೂರು’ ಎಂದು ಕರೆಯುವ ನಿವೇಶನಗಳು ಈ ಭಾಗದ ಎಷ್ಟೋ ಗ್ರಾಮಗಳಲ್ಲಿ ಉಂಟು.

ವಿಶೇಷವಿರುವುದು ಕಥನದ ಎರಡನೆಯ ಭಾಗದಲ್ಲಿ. ವಲಸೆಯ ಐತಿಹ್ಯಗಳಲ್ಲಿ ಸಾಮಾನ್ಯವಾಗಿ ಜನರನ್ನು ಹಿಂಬಾಲಿಸಿ ಬರುವುದು ದೇವರು. ಪೆಟ್ಟಿಗೆಯಲ್ಲಿಯೋ ಬುತ್ತಿಯಲ್ಲಿಯೋ ಎತ್ತಿನ ಗಾಡಿಯ ಅಚ್ಚಿನಲ್ಲಿಯೋ ಕುಳಿತು ಬರುವ ದೈವ ಹೊಸ ನೆಲದಲ್ಲಿ ನೆಲೆಗೊಂಡು ಊರಿಗೆ ಅಧಿಕೃತತೆಯನ್ನು ಕೊಡುತ್ತದೆ. ಬೆಳ್ಳೂರಿನ ಐತಿಹ್ಯದಲ್ಲಿ ಆ ಸ್ಥಾನದಲ್ಲಿ ಹಕ್ಕಿಯಿದೆ. ಹಕ್ಕಿ ಬಂದಿತೆಂಬುದು ಹೊಸ ಜಾಗ ಬಾಳಲು ಯೋಗ್ಯವೆಂಬುದಕ್ಕೆ ಪ್ರಮಾಣ. ಹಕ್ಕಿ ಬಂದರೆ ಮಳೆ ಬೆಳೆ, ಬಾರದಿದ್ದರೆ ಕೇಡು ಎಂದು ಊರಿನಲ್ಲಿ ಇಂದಿಗೂ ಇರುವ ನಂಬಿಕೆಯ ಬೇರು ಇಲ್ಲಿದೆಯೆಂದು ತೋರುತ್ತದೆ. ಮನುಷ್ಯರು ಹಕ್ಕಿಯನ್ನು ಕಾಪಾಡಿದರೆಂದು ಇಂದು ಹೇಳುತ್ತೇವೆ. ಹಕ್ಕಿಗಳು ಮನುಷ್ಯರನ್ನು ಆರಿಸಿಕೊಂಡವೆಂದು ಐತಿಹ್ಯ ಹೇಳುತ್ತದೆ. ಜೀವಶಾಸ್ತ್ರದ ದೃಷ್ಟಿಯಿಂದಲೂ ಇದನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಜನರ ಓಡಾಟವಿರುವಲ್ಲಿ ಮರಿಗಳನ್ನು ಕದಿಯುವ ಪ್ರಾಣಿಪಕ್ಷಿಗಳ ಹಾವಳಿ ಕಡಿಮೆಯೆಂಬ ಊಹೆಗೆ ಅವಕಾಶವಿದೆ. ಜನ ಬಿಟ್ಟುಹೋದ ದಂಡೆಯಲ್ಲಿ ಮರಗಳನ್ನು ಕಾಯುವವರಾದರೂ ಯಾರಿದ್ದರು?

ಹೊಳೆಯಂಚನ್ನು ಕಾಯುವ ಬೇರೆ ಕ್ರಮಗಳೂ ಈ ಜಿಲ್ಲೆಯಲ್ಲಿವೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಕಾವೇರಿಯ ದಂಡೆ ಆಂಜನೇಯನದು. ಸೀತೆಯ ಮೂಗುತಿ ಹೊಳೆಗೆ ಬಿದ್ದಾಗ ಹನುಮ ಅದನ್ನು ಎತ್ತಿಕೊಟ್ಟು ಮುತ್ತೆತ್ತಿರಾಯನಾದನೆಂಬ ಐತಿಹ್ಯ ಆ ನೀರಿಗೂ ನೆಲಕ್ಕೂ ದೈವದ ಮುದ್ರೆಯೊತ್ತಿದೆ. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮ ಅದರ ಮೇಲೆ ಸರಕಾರದ ಮುದ್ರೆಯನ್ನು ಒತ್ತಿತು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಕಾವೇರಿಯ ನಡುಗಡ್ಡೆಗಳಿಗೆ ರಕ್ಷಣೆ ದೊರೆತುದು 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ, ಅರಸೊತ್ತಿಗೆಯ ಆಜ್ಞೆಯಿಂದ. ಮುತ್ತತ್ತಿಯದು ದೈವದ ಕಾವಲು, ರಂಗನತಿಟ್ಟಿನದು ಪ್ರಭುತ್ವದ ಕಾವಲು. ಬೆಳ್ಳೂರಿನಲ್ಲಿ ದೇವರ ಹೆಸರೂ ಇರಲಿಲ್ಲ, ಅರಸನ ಆಜ್ಞೆಯೂ ಇರಲಿಲ್ಲ, ಇದ್ದುದು ನೆಂಟಸ್ತಿಕೆ.

ತವರು ಎಂಬ ಮಾತಿಗೆ ಈಗ ಬರಬಹುದು. ಒಕ್ಕಲು ಕುಟುಂಬಗಳಲ್ಲಿ ಚೊಚ್ಚಲ ಹೆರಿಗೆ ತವರಿನ ಹೊಣೆ. ಬಸುರಿಯನ್ನು ಕರೆತರುವುದು, ಬಾಣಂತನದ ತಿಂಗಳುಗಳಲ್ಲಿ ಪಥ್ಯ ನೋಡಿಕೊಳ್ಳುವುದು, ಮಡಿಲು ತುಂಬಿ ಗಂಡನ ಮನೆಗೆ ಕಳುಹಿಸುವುದು ಇವೆಲ್ಲ ಪ್ರೀತಿಯ ಕೆಲಸಗಳು ಹೌದು, ಜೊತೆಗೆ ಧಾನ್ಯ, ತುಪ್ಪ, ಬಟ್ಟೆ, ಕೂಲಿಯಿಲ್ಲದ ದುಡಿಮೆಗಳ ದೊಡ್ಡ ವೆಚ್ಚವೂ ಹೌದು. ಬಂದವಳು ಇಂತಿಷ್ಟು ತಿಂಗಳಿಗೆ ಮರಳುತ್ತಾಳೆ, ಮುಂದೆ ಮತ್ತೆ ಬರುತ್ತಾಳೆ. ಅವಳಿಂದ ಬಾಡಿಗೆ ಕೇಳುವಂತಿಲ್ಲ. ಹಕ್ಕಿಗೆ ಈ ರೂಪಕವನ್ನು ಅನ್ವಯಿಸಿದವರು ಅದರ ಋತುಚಕ್ರವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗೂಡಿರುವ ಮರವನ್ನು ಅಲುಗಿಸಬಾರದು, ಮರಿಯನ್ನು ಮುಟ್ಟಬಾರದು, ಗಲಾಟೆ ಗಲೀಜುಗಳನ್ನು ಸೈರಿಸಬೇಕು ಎಂಬ ನಿಷೇಧಗಳನ್ನೆಲ್ಲ ಬಾಣಂತಿಯ ಕೋಣೆಯ ನಿಯಮಗಳಂತೆಯೇ ಪಾಲಿಸಲಾಯಿತು. ನಮ್ಮ ಗರತಿಯರ ಹಾಡುಗಳಲ್ಲಿ ತವರಿನ ಹೊಗಳಿಕೆ ಎಷ್ಟಿದೆಯೋ ತಾಯಿ ತೀರಿಹೋದ ತವರಿನ ದುಃಖವೂ ಅಷ್ಟೇ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ಬಾಡುವುದು, ಬಂದವಳಿಗೆ ಹೊರೆಯಾದೆನೆಂಬ ಅರಿವಾಗುವುದು ಆ ಹಾಡುಗಳ ಪರಿಚಿತ ವಸ್ತು. ಖರ್ಚನ್ನು ಹೊರುವವರು ಯಾರು ಎಂಬ ಪ್ರಶ್ನೆ ರೂಪಕದೊಳಗೇ ಅಡಗಿದೆ. ಪತ್ರಿಕಾ ವರ್ಣನೆಗಳು ಎತ್ತಿಕೊಳ್ಳದಿರುವುದು ಈ ಅರ್ಧವನ್ನೇ.

ಬೆಳ್ಳೂರಿನಲ್ಲಿ ಆ ಖರ್ಚು ಬಹುಕಾಲ ಹೊರೆಯೆನಿಸದಿದ್ದುದಕ್ಕೆ ಕಾರಣ ಹಿಕ್ಕೆ. ಮೀನುಣ್ಣುವ ನೂರಾರು ದೊಡ್ಡ ಹಕ್ಕಿಗಳು ಅರ್ಧ ವರ್ಷ ಕುಳಿತ ಮರದ ಬುಡ ಸಾಮಾನ್ಯ ತಿಪ್ಪೆಗಿಂತ ಬೆಲೆಯುಳ್ಳದ್ದು. ಮರದ ಸುತ್ತ ಗುಣಿ ತೆಗೆದು ಕೆರೆಗೋಡನ್ನು ತುಂಬಿಸಿ, ಅದರ ಮೇಲೆ ಹಿಕ್ಕೆ ಬೀಳಗೊಟ್ಟು, ಕಾಲ ಮುಗಿದ ಮೇಲೆ ಆ ಮಣ್ಣನ್ನು ಹೊಲಕ್ಕೆ ಹೊಡೆಯುವುದು ಇಲ್ಲಿನ ಒಕ್ಕಲಿನ ಪದ್ಧತಿ. ಇದನ್ನು ಬರಿಯ ಗೊಬ್ಬರದ ತಂತ್ರವೆಂದು ತಿಳಿಯಬಾರದು. ಗೋಡು ಎತ್ತಿದ ಕೆರೆಯಲ್ಲಿ ನೀರು ಹೆಚ್ಚು ಕಾಲ ನಿಲ್ಲುತ್ತದೆ, ನೀರು ನಿಂತರೆ ಮೀನು, ಮೀನಿದ್ದರೆ ಹಕ್ಕಿ, ಹಕ್ಕಿ ಕೂತರೆ ಗೊಬ್ಬರ, ಗೊಬ್ಬರದಾಸೆಗೆ ಮರ ಉಳಿಯುತ್ತದೆ, ಮತ್ತೆ ಗೋಡು ಎತ್ತಲು ಗಾಡಿ ಕೆರೆಗೆ ಇಳಿಯುತ್ತದೆ. ಹುಣಸೆಯ ಫಸಲನ್ನು ಬಿಟ್ಟುಕೊಟ್ಟ ಒಡೆಯನಿಗೆ ಹೊಲದ ಇಳುವರಿಯಲ್ಲಿ ಅದು ಮರಳುತ್ತಿತ್ತು. ಹುಣಸೆ ಬಡಿಯುವ ಕಾಲವೂ ಮರಿಗಳಿರುವ ಕಾಲವೂ ಒಂದೇ ಆಗಿರುವುದರಿಂದ ಎರಡರಲ್ಲಿ ಒಂದನ್ನು ಬಿಡಲೇಬೇಕಾಗುತ್ತದೆ. ಮರ, ಕೆರೆ, ಹೊಲಗಳನ್ನು ಬೆಸೆದ ಈ ಬಳಕೆಯ ಸರಪಳಿಯೇ ಹಕ್ಕಿಯ ಆವಾಸವನ್ನು ನಿರ್ವಹಿಸುತ್ತಿತ್ತು. ನೆಂಟಸ್ತಿಕೆಯ ಮಾತು ಆ ನಿರ್ವಹಣೆಯ ಕಟ್ಟಳೆಯಾಗಿತ್ತು.

ಸರಪಳಿ ಸಡಿಲವಾದುದು ಒಂದೇ ದಿನದಲ್ಲಲ್ಲ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಮೊದಲಾಗಿ, ಮುಂದೆ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ) ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ನೀರು ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ. ಕಬ್ಬು ಭತ್ತಗಳ ಈ ಹೊಸ ಒಕ್ಕಲುತನ ಸೀಮೆಯ ಬಡತನವನ್ನು ನೀಗಿದುದನ್ನು ಅಲ್ಲಗಳೆಯುವಂತಿಲ್ಲ. ಹಸಿರು ಕ್ರಾಂತಿಯ ದಶಕಗಳಲ್ಲಿ ಮೂಟೆಯ ಗೊಬ್ಬರ ಬಂದ ಮೇಲೆ ಕೆರೆಗೋಡು ಹೊಡೆಯುವ ವಾಡಿಕೆ ಹಿಂದೆ ಸರಿಯಿತು, ಕೆರೆಗಳು ಹೂಳಿನಿಂದ ತುಂಬಿದವು. ಮರದ ಬುಡದ ಮಣ್ಣಿನ ಬೆಲೆ ಇಳಿದು ಮರದ ಬೆಲೆ ಏರಿತು. ಸೌದೆಗೆ, ಇಟ್ಟಿಗೆ ಗೂಡಿಗೆ ಹುಣಸೆಯಂಥ ಗಟ್ಟಿ ಮರ ಎಲ್ಲೆಡೆ ಬೇಡಿಕೆಯ ಸರಕು. ಹೆಣ್ಣಿಗೆ ಮದುವೆ, ಗಂಡಿಗೆ ಓದು ಎಂಬ ಅಗತ್ಯ ಬಿದ್ದಾಗ ಹಿತ್ತಿಲಿನ ಮರ ಮಾರುವುದು ಒಕ್ಕಲಿಗೆ ಉಳಿದ ಹಾದಿ. ತವರಿನ ಮಾತು ಹಾಗೆಯೇ ಉಳಿದಿತ್ತು. ಅದನ್ನು ಹೊತ್ತ ಲೆಕ್ಕಾಚಾರ ಕುಸಿದಿತ್ತು.

ಇಂಥ ಹೊತ್ತಿನಲ್ಲಿ, 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಪಕ್ಷಿವಿಜ್ಞಾನದ ಗಮನಕ್ಕೆ ತಂದರು. ಮುಂದೆ ಬೆಂಗಳೂರಿನಲ್ಲಿ ಸಾಲುಮರಗಳನ್ನು ಬೆಳೆಸಿ ಹೆಸರಾದವರು ಇವರೇ. ಇದನ್ನು ಹೆಜ್ಜಾರ್ಲೆ ನೆಲೆಯ ‘ಶೋಧ’ವೆಂದು ಕರೆಯುವುದು ರೂಢಿಯಾಗಿದೆ, ಊರಿನವರಿಗೆ ಅದರಲ್ಲಿ ಶೋಧವೇನೂ ಇರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಆದರೆ ಅವರ ವರದಿಯ ಐತಿಹಾಸಿಕ ಮಹತ್ವವನ್ನು ಕುಗ್ಗಿಸಲಾಗದು. ಬರ್ಮಾದ ಸಿತ್ತಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಓಟ್ಸ್ ಕಂಡಿದ್ದ ಹೆಜ್ಜಾರ್ಲೆಗಳ ಅಪಾರ ನೆಲೆ ಇಪ್ಪತ್ತನೆಯ ಶತಮಾನದ ನಡುಗಾಲದ ಹೊತ್ತಿಗೆ ಇಲ್ಲವಾಗಿತ್ತು. ಆಂಧ್ರದ ಕೊಲ್ಲೇರು ಸರೋವರದ ಸುತ್ತಣ ಊರುಗಳಲ್ಲಿ, 1946ರಲ್ಲಿ ನೀಲಕಂಠನ್ ಅವರು ನೋಡಿದ್ದ ಅರೇಡು ಗ್ರಾಮವೂ ಸೇರಿ, ಗೂಡುಕಟ್ಟುವಿಕೆ ಮುಂದೆ ನಿಂತುಹೋಯಿತು. ಇಂಥ ನಷ್ಟಗಳ ನಡುವೆ ಬೆಳ್ಳೂರು ಉಳಿದಿತ್ತು.

ಅರಣ್ಯ ಇಲಾಖೆ ಕೈಗೊಂಡ ಮುಖ್ಯ ಕ್ರಮವೆಂದರೆ ಗೂಡಿರುವ ಮರಗಳ ಒಡೆಯರಿಗೆ, ಬಿಟ್ಟುಕೊಟ್ಟ ಫಸಲಿನ ಬಾಬ್ತು ಪರಿಹಾರ ಧನ. ಇದರ ಬಗ್ಗೆ ಎರಡು ಮಾತು ಹೇಳಲೇಬೇಕು. ನೆಂಟಸ್ತಿಕೆಗೆ ಹಣದ ಬೆಲೆ ಕಟ್ಟಿ ಜನಪದ ಮೌಲ್ಯವನ್ನು ಕೆಡಿಸಲಾಯಿತೆಂದು ಕೆಲವು ವಿದ್ವಾಂಸರು ಆಕ್ಷೇಪಿಸುವುದುಂಟು. ಈ ಆಕ್ಷೇಪ ಮರವಿಲ್ಲದವರ ಆಕ್ಷೇಪ. ಹಿಕ್ಕೆಯ ರೂಪದಲ್ಲಿ ಮೊದಲು ಬರುತ್ತಿದ್ದುದು ನಿಂತಾಗ ಬೇರೆ ರೂಪದಲ್ಲಿ ಬರಬೇಕಾಗಿತ್ತು. ಆ ತತ್ತ್ವ ಸರಿಯಾಗಿಯೇ ಇತ್ತು. ದೋಷವಿದ್ದುದು ಅಳತೆಯಲ್ಲಿ. ಹುಣಸೆಯ ಪೇಟೆ ಧಾರಣೆಯೂ ಮರದ ಬೆಲೆಯೂ ಏರಿದಂತೆ ಪರಿಹಾರ ಏರಲಿಲ್ಲವೆಂಬುದು ಒಡೆಯರ ನಿರಂತರ ದೂರು. ಇನ್ನೊಂದು, ಪರಿಹಾರವು ನಿಂತಿರುವ ಮರಕ್ಕೆ ಸಿಗುತ್ತದೆ, ನೆಡಬೇಕಾದ ಮರಕ್ಕಲ್ಲ. ಹೆಜ್ಜಾರ್ಲೆಯ ಹಿಕ್ಕೆ ಹೊಲಕ್ಕೆ ಗೊಬ್ಬರವಾದರೂ ಎಲೆಗೆ ಸುಡುವ ಸುಣ್ಣ. ವರ್ಷವರ್ಷವೂ ಹಕ್ಕಿ ಕೂತ ಮರ ಕ್ರಮೇಣ ಸೊರಗುತ್ತದೆ. ಹಳೆಯ ಮರಕ್ಕೆ ಬದಲಿಯಾಗಿ ಹೊಸದು ಏಳದಿದ್ದರೆ ಒಂದು ತಲೆಮಾರಿನಲ್ಲಿ ಆವಾಸ ತಾನಾಗಿ ತೀರುತ್ತದೆ.

ಈ ಎರಡನೆಯ ಕೊರತೆಯನ್ನು ತುಂಬಲು ಹೊರಟುದು 1994ರಲ್ಲಿ ರೂಪುಗೊಂಡ ‘ಹೆಜ್ಜಾರ್ಲೆ ಬಳಗ’. ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಕೆ. ಮನು ಅವರ ಪ್ರೇರಣೆಯಿಂದ ಊರಿನ ಯುವಕರೇ ಕಟ್ಟಿಕೊಂಡ ಬಳಗವಿದು. ಕಿಕ್ಕಿರಿದ ಗೂಡುಗಳಿಂದ ನೆಲಕ್ಕೆ ಬಿದ್ದ ಹೆಜ್ಜಾರ್ಲೆ ಮರಿಯನ್ನು ತಾಯಿಹಕ್ಕಿ ಕೆಳಗಿಳಿದು ಸಾಕುವುದಿಲ್ಲ. ನಾಯಿಗೋ ಹದ್ದಿಗೋ ಅದು ತುತ್ತು. ಹಾಗೆ ಬಿದ್ದ ಮರಿಗಳನ್ನು ಬಲೆಯ ಆವರಣದಲ್ಲಿಟ್ಟು, ಮೀನು ಕೊಟ್ಟು, ರೆಕ್ಕೆ ಬಲಿತ ಮೇಲೆ ಬಿಡುವುದು ಬಳಗದ ಹೆಸರಾದ ಕೆಲಸ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೂರಗಾಮಿಯಾದುದು ಸಸಿಗಳ ಕೆಲಸ: ಆಲದ ಜಾತಿಯ ಮರಗಳನ್ನು, ಹುಣಸೆಯನ್ನು ಪಾತಿಯಲ್ಲಿ ಬೆಳೆಸಿ ಊರಿನ ಸುತ್ತ ನೆಟ್ಟುದು. ಅರಳಿ ಬಸರಿಗಳಿಗೆ ಪೇಟೆಯಲ್ಲಿ ಬೆಲೆಯಿಲ್ಲ, ಕಡಿಯಲು ಮನಸ್ಸಿನ ಅಳುಕೂ ಉಂಟು. ಆದ್ದರಿಂದ ಹುಣಸೆಗಿಂತ ಅವು ಉಳಿಯುವ ಸಂಭವ ಹೆಚ್ಚು. ಮನು ಮತ್ತು ಸಾರಾ ಜಾಲಿ ಅವರು ಈ ಅನುಭವವನ್ನು 2000ದಲ್ಲಿ ಒಂದು ಅಧ್ಯಯನವಾಗಿ ಪ್ರಕಟಿಸಿದಾಗ ಬೆಳ್ಳೂರನ್ನು ಎರಡು ಅಂತಸ್ತಿನ ಊರೆಂದು ಬಣ್ಣಿಸಿದರು. ಕೆಳಗೆ ಮನುಷ್ಯರು, ಮೇಲೆ ಹಕ್ಕಿಗಳು.

ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿ ‘ಸಮುದಾಯ ಮೀಸಲು’ ಎಂಬ ಹೊಸ ವರ್ಗವನ್ನು ತಂದಿತು. ಖಾಸಗಿ ಅಥವಾ ಸಮುದಾಯದ ನೆಲದಲ್ಲಿ, ಅಲ್ಲಿನವರು ತಾವಾಗಿ ಮುಂದೆ ಬಂದಾಗ ಮಾತ್ರ ಇದನ್ನು ಘೋಷಿಸಬಹುದು. ನೆಲ ಅವರದಾಗಿಯೇ ಉಳಿಯುತ್ತದೆ. 2007ರಲ್ಲಿ ಕೊಕ್ಕರೆ ಬೆಳ್ಳೂರು ಈ ಪಟ್ಟಿಗೆ ಸೇರಿತು. ಇದರಿಂದ ಹಕ್ಕಿಯ ಮರಕ್ಕೆ ಕಾನೂನಿನ ಗುರುತು ದೊರೆತುದು ನಿಜ. ಆದರೆ ಮೀಸಲಿನ ಗಡಿ ಹಕ್ಕಿ ಕೂರುವ ಜಾಗವನ್ನು ಸುತ್ತುವರಿಯುತ್ತದೆ, ಉಣ್ಣುವ ಜಾಗವನ್ನಲ್ಲ. ಹೆಜ್ಜಾರ್ಲೆಗಳು ಮೀನಿಗಾಗಿ ತೈಲೂರು ಕೆರೆ, ಸೂಳೆಕೆರೆ, ಶಿಂಷೆಯ ಮಡುಗಳೆಂದು ಹಲವು ಮೈಲಿ ಹಾರುತ್ತವೆ. ಆ ಕೆರೆಗಳ ಮೀನು ಹರಾಜು, ಹೂಳು, ಹೊಳೆಯ ಮರಳು, ಮೇಲಿನಿಂದ ಹರಿದುಬರುವ ಕೊಳಕು ಇವೆಲ್ಲ ಬೇರೆ ಬೇರೆ ಇಲಾಖೆಗಳ, ಪಂಚಾಯಿತಿಗಳ ವ್ಯವಹಾರ. ಇದರ ಪರಿಣಾಮವೇನೆಂಬುದು 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಕಂಡಿತು. ಬೆಳೆದ ಹೆಜ್ಜಾರ್ಲೆಗಳೇ ಒಂದರ ಹಿಂದೊಂದು ಮರದಿಂದ ಬಿದ್ದು ಸತ್ತವು. ಪರೀಕ್ಷೆಯಲ್ಲಿ ಅವುಗಳ ಒಡಲಿನಲ್ಲಿ ಮೀನಿನ ಮೂಲಕ ಸೇರುವ ಜಂತುಹುಳುಗಳು ಕಂಡುಬಂದವು. ಮರಗಳೆಲ್ಲ ನೆಟ್ಟಗಿದ್ದವು, ನಂಬಿಕೆಯೂ ನೆಟ್ಟಗಿತ್ತು, ಕೆಟ್ಟಿದ್ದುದು ನೀರು. ಕೆರೆಗೋಡಿನ ಗಾಡಿ ನಿಂತುಹೋದ ಕಾಲದಿಂದ ಆವಾಸದ ಆ ಅರ್ಧವನ್ನು ನಿರ್ವಹಿಸುವವರು ಯಾರೂ ಇರಲಿಲ್ಲ.

ಜಾಗತಿಕವಾಗಿ ನೋಡಿದರೆ ಹೆಜ್ಜಾರ್ಲೆ ಚೇತರಿಸಿಕೊಂಡಿದೆ. ಅಳಿವಿನ ಭೀತಿಯಿರುವ ಹಕ್ಕಿಗಳ ಪಟ್ಟಿಯಲ್ಲಿ ಅದರ ಸ್ಥಾನವನ್ನು ಈ ಶತಮಾನದ ಮೊದಲ ದಶಕದಲ್ಲಿ ಒಂದು ಮೆಟ್ಟಿಲು ಸಡಿಲಿಸಲಾಯಿತು; ರಂಗನತಿಟ್ಟಿನಲ್ಲಿಯೂ ಅದು ಈಗ ಗೂಡು ಕಟ್ಟುತ್ತದೆ. ಬೆಳ್ಳೂರಿನ ಮಟ್ಟಿಗೆ ಉಳಿದಿರುವ ಪ್ರಶ್ನೆ ಮೀಸಲಿನ ನಿರ್ವಹಣಾ ಸಮಿತಿಯದು. ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಗೆ ಮುನ್ನ ಅದರಲ್ಲಿ ಗ್ರಾಮಪಂಚಾಯಿತಿ ಹೆಸರಿಸುವ ಐವರೂ ಅರಣ್ಯ ಇಲಾಖೆಯ ಒಬ್ಬರೂ ಇರಬೇಕಾಗಿತ್ತು. ನೆಲದ ಬಳಕೆಯನ್ನು ಬದಲಿಸಬೇಕಾದರೆ ಸಮಿತಿಯ ನಿರ್ಣಯವೂ ಸರಕಾರದ ಒಪ್ಪಿಗೆಯೂ ಬೇಕು. ಆ ಐವರಲ್ಲಿ ಗೂಡಿನ ಮರಗಳ ಒಡೆಯರು ಎಷ್ಟು ಮಂದಿ ಇರಬೇಕೆಂದು ಕಾಯಿದೆ ಆಗ ಹೇಳಿರಲಿಲ್ಲ. ಕೆರೆಯ ಮೀನು ಹಿಡಿಯುವವರಿಗೂ ಅಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ.